ಕೂರಿಸಿಕೊಳ್ಳದ ಬೆಂಚಿನ ಬಗ್ಗೆ

ನಗರ ಚೌಕದ ಉಸ್ತುವಾರಿ ಹೊತ್ತ ಮಾನ್ಯರೇ,

ದಣಿದ ನಾಲ್ಕು ಕಾಲುಗಳ ಪರವಾಗಿ ತಮಗೆ ವಂದನೆಗಳು. ತಾವು ಕ್ಷೇಮವಾಗಿದ್ದೀರಿ, ಮೆತ್ತನೆಯ ಕುರ್ಚಿಯಲ್ಲಿ ಕೂತೇ ಇದನ್ನು ಓದುತ್ತಿದ್ದೀರಿ ಎಂದು ನಂಬಿದ್ದೇನೆ.

ಕಳೆದ ಶನಿವಾರ ನಾನೂ ನನ್ನ ಹೆಂಡತಿಯೂ ತಮ್ಮ ನಗರ ನೋಡಲು ಬಂದಿದ್ದೆವು. ಬೆಳಿಗ್ಗೆ ಹೋಟೆಲಿನ ಮೆಟ್ಟಿಲಿಳಿಯುವಾಗ ಅವಳು, "ನಿಮ್ಹತ್ರ ಒಂದು ವಿಷಯ ಹೇಳೋದಿದೆ, ಸಂಜೆ ಎಲ್ಲಾದ್ರೂ ಕೂತು ಹೇಳ್ತೀನಿ" ಎಂದಳು. ತೂಕದ ಮಾತನ್ನು ನಿಂತು ಆಡುವ ಪದ್ಧತಿ ಅವಳ ತವರಿನಲ್ಲಿಲ್ಲ. ನಮ್ಮ ಮದುವೆಯ ಮಾತುಕತೆಯ ದಿನ ಕುರ್ಚಿ ಸಾಲದೆ, ಪಕ್ಕದ ಮನೆಯಿಂದ ತರಿಸುವವರೆಗೂ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡಿದ್ದರು. ಆ ವಿಷಯ ಏನಿರಬಹುದೆಂಬ ಯೋಚನೆಯಲ್ಲೇ ದಿನವಿಡೀ ಅಲೆದೆ; ಹೀಗಾಗಿ ತಮ್ಮ ವಸ್ತುಸಂಗ್ರಹಾಲಯವನ್ನೂ ಗಡಿಯಾರದ ಗೋಪುರವನ್ನೂ ನಾನು ನೋಡಿದ್ದಕ್ಕೆ ಟಿಕೆಟ್ಟುಗಳೇ ಸಾಕ್ಷಿ. ನೆನಪಿರುವುದು ಮುಂದೆ ನಡೆಯುತ್ತಿದ್ದ ಅವಳ ಬೆನ್ನು ಮಾತ್ರ.

ಸಂಜೆ ಚೌಕಕ್ಕೆ ಬಂದೆವು. ತಮ್ಮ ಬೆಂಚನ್ನು ಎಷ್ಟು ಹೊಗಳಿದರೂ ಸಾಲದು. ಯಾರೂ ಮಲಗಬಾರದೆಂದು ನಡುವೆ ಕಬ್ಬಿಣದ ಸರಳು, ಯಾರೂ ತಂಗಬಾರದೆಂದು ಮುಂದಕ್ಕೆ ಇಳಿಜಾರು. ಕೂತವರು ಜಾರುತ್ತಾರೆ, ಜಾರಿದವರು ಎದ್ದು ಹೋಗುತ್ತಾರೆ. ಮನುಷ್ಯರಿಲ್ಲದ ಚೌಕ ಎಷ್ಟು ಚೊಕ್ಕಟ! ಸರಳಿನ ಆಚೆಗೊಬ್ಬರು ಈಚೆಗೊಬ್ಬರು ಕಾಲೂರಿಕೊಂಡು ಕೂತೆವು. ಅವಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಜಾರಿದಳು. ಕೊನೆಗೆ ಕಾರಂಜಿಯ ಕಟ್ಟೆಯ ಮೇಲೆ ಕೂತರೆ ತಮ್ಮ ಕಾವಲುಗಾರ ಸೀಟಿ ಊದಿ, "ಅಮ್ಮಾ, ಏಳಿ, ಅದು ನೋಡೋಕಿರೋದು" ಎಂದ. "ಕೂರೋಕಿರೋದು ಯಾವುದಪ್ಪಾ?" ಎಂದಳು. "ಅಗೋ, ಆ ಬೆಂಚು. ಆದ್ರೆ ಅದ್ರಲ್ಲಿ ಯಾರಿಗೂ ಕೂರೋಕಾಗಲ್ಲ!" ಅವಳು ನಕ್ಕುಬಿಟ್ಟಳು. ಬಹಳ ದಿನಗಳ ಮೇಲೆ ನಕ್ಕಳು, ಅವನೊಂದಿಗೆ. ಆಮೇಲೆ "ಬಿಡಿ, ನಾಳೆ ಹೇಳ್ತೀನಿ" ಎಂದು ರೂಮಿಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆದ್ದರಿಂದ ತಾವು ತಮ್ಮ ಕುರ್ಚಿಯನ್ನೂ ಮುಂದಕ್ಕೆ ಬಾಗಿಸಿಕೊಂಡು, ಮನೆಯ ಮಂಚದ ನಡುವೆ ಇಂಥದೇ ಸರಳು ಹಾಕಿಸಿಕೊಂಡು, ತಮ್ಮ ಮನೆಯವರ ಮಾತನ್ನು ಒಂದು ಸಂಜೆ ಕೇಳಿಸಿಕೊಳ್ಳಲು ಯತ್ನಿಸಬೇಕೆಂದು ಕೋರುತ್ತೇನೆ. ಸಾಧ್ಯವಾದರೆ ಬಿಸಿಲಿಗೂ ಒಂದು ನೋಟೀಸು ಕಳಿಸಿ. ಸಂಜೆ ಹೊತ್ತು ಅದು ತಮ್ಮ ಚೌಕದ ತುಂಬ ಅನುಮತಿಯಿಲ್ಲದೆ ಮೈಚಾಚಿ ಮಲಗಿರುತ್ತದೆ.

ಇದನ್ನು ನಿಂತೇ ಬರೆದ
ತಮ್ಮ ವಿಶ್ವಾಸಿ

ಮರೆತ ಮಾತು: ಮರುದಿನ ಬಸ್ಸಿನ ಸೀಟುಗಳ ನಡುವೆಯೂ ಒಂದು ಸರಳಿತ್ತು, ಆದರೆ ಮೇಲಕ್ಕೆ ಎತ್ತುವಂಥದ್ದು; ತಮ್ಮ ಜಾಣತನ ಅಲ್ಲಿಗಿನ್ನೂ ತಲುಪಿಲ್ಲ. ಅವಳು ಅದನ್ನು ಎತ್ತಿದಳು, ಹತ್ತಿರ ಸರಿದಳು, "ಇನ್ಮೇಲೆ ನಾನು ಬೇರೆ ಇರ್ತೀನಿ" ಎಂದಳು. ತಮ್ಮ ಬೆಂಚಿನ ದಯೆಯಿಂದ ಒಂದು ರಾತ್ರಿ ಹೆಚ್ಚಿಗೆ ಗಂಡನಾಗಿದ್ದೆ. ಆದರೂ ದೂರನ್ನು ಹಿಂತೆಗೆದುಕೊಳ್ಳುವುದಿಲ್ಲ. ಆ ಬಸ್ಸಿನ ಸರಳಿಗೂ ಬೆಸುಗೆ ಹಾಕಿಸಿಬಿಡಿ.