ಡಿಗ್ರಿ ಇಲ್ಲದ ಮಿಸ್ಸು ಥಾಯ್ಲೆಂಡಿಗೆ ಹೋದದ್ದು

ಕೂತಲ್ಲಿ ಕೂರದವರಿಗೆ ಇಂಥವು ಆಗುತ್ತಲೇ ಇರುತ್ತವೆ ಎನ್ನುವುದು ನಮ್ಮಮ್ಮನ ಸಿದ್ಧಾಂತ. ನಾನಂತೂ ಕೂತವಳೇ ಅಲ್ಲ. ಬಿ.ಕಾಂ. ಅರ್ಧಕ್ಕೆ ಬಿಟ್ಟೆ, ಟೈಪಿಂಗ್ ಬಿಟ್ಟೆ, ಸೀರೆ ಅಂಗಡಿಯ ಕೆಲಸವನ್ನು ಹಬ್ಬದ ಸೀಸನ್ನಿನಲ್ಲೇ ಬಿಟ್ಟೆ. ಕೊನೆಗೆ ಜಯನಗರ ನಾಲ್ಕನೇ ಬ್ಲಾಕಿನ ಬೇಕರಿಯೊಂದರ ಮಹಡಿ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಸೇರಿದೆ. ಅದು ಮಾತ್ರ ಇಷ್ಟವಾಯಿತು. ಇಷ್ಟವಾದದ್ದನ್ನಾದರೂ ನೆಟ್ಟಗೆ ಮಾಡಿಕೊಂಡು ಇರಬಾರದೇ? ಇದನ್ನೇ ಬೇರೆ ದೇಶದಲ್ಲಿ ಮಾಡಬೇಕು ಎಂಬ ಹುಳ ತಲೆ ಹೊಕ್ಕಿತು. ಬಿಟಿಎಂ ಲೇಔಟಿನಲ್ಲಿ ಗಲ್ಲಿಗೊಂದು ಸೈಬರ್ ಕೆಫೆ ಇದ್ದ ಕಾಲ. ಸಂಜೆಯಾದರೆ ಅಲ್ಲಿ ಕೂತು ಥಾಯ್ಲೆಂಡ್, ವಿಯೆಟ್ನಾಂ ಎಂದು ಕಂಡಕಂಡ ಶಾಲೆಗಳಿಗೆ ಇ-ಮೇಲ್ ಹಾಕುತ್ತಿದ್ದೆ.

ಜಗಳದ ಪಾಠ

ನಮ್ಮ ಕ್ಲಾಸಿಗೆ ಜೆ.ಪಿ. ನಗರದಿಂದ ಒಬ್ಬರು ಆಂಟಿ ಬರುತ್ತಿದ್ದರು. ಮೊದಲ ದಿನವೇ ಪುಸ್ತಕ ಮುಚ್ಚಿಟ್ಟರು.

"ಈ ಗುಡ್ ಮಾರ್ನಿಂಗ್ ಎಲ್ಲಾ ಬೇಡಮ್ಮ. ಸೊಸೆ ಇಂಗ್ಲಿಷಲ್ಲಿ ಜಗಳ ಆಡ್ತಾಳೆ, ನಂಗೆ ತಿರುಗಿಸಿ ಹೇಳಕ್ಕಾಗಲ್ಲ. ನೀನು ಸೀದಾ ಜಗಳದಿಂದ ಶುರು ಮಾಡು."

ಸರಿ, ನಾನು ಸೊಸೆಯಾದೆ, ಅವರು ಅತ್ತೆಯಾದರು. ದಿನಾ ಕ್ಲಾಸಿನ ಮಧ್ಯೆ ನಿಂತು ಕಿತ್ತಾಡಿದೆವು. ಗಲಾಟೆ ಕೇಳಿ ಕೆಳಗಿನ ಬೇಕರಿಯವರು ಎರಡು ಸಲ ಮೇಲೆ ಬಂದು ಇಣುಕಿದರು. ಕೆಲವು ವಾರ ಕಳೆದ ಮೇಲೆ ಆಂಟಿ ಮೈಸೂರುಪಾಕಿನ ಡಬ್ಬ ಹಿಡಿದು ಬಂದರು. ಜಗಳ ನಿಂತಿತಾ ಎಂದು ಕೇಳಿದೆ.

"ನಿಲ್ಲೋದೆಲ್ಲಿ ಬಂತು? ಈಗ ನಾನು ಇಂಗ್ಲಿಷಲ್ಲಿ ಬೈತೀನಿ, ಅವಳು ಕನ್ನಡ ಕ್ಲಾಸ್ ಹುಡುಕ್ತಿದಾಳೆ."

ಇಬ್ಬರೂ ಕೇಳಿದ್ದು ಒಂದೇ

ಅತ್ತ ನಾನು ಶಾಲೆ ಹುಡುಕುತ್ತಿದ್ದರೆ, ಇತ್ತ ಬನಶಂಕರಿಯ ನಮ್ಮ ಮನೆಯಲ್ಲಿ ಅಮ್ಮ ಗಂಡು ಹುಡುಕುತ್ತಿದ್ದಳು. ಶಾಲೆಗಳೆಲ್ಲ ಡಿಗ್ರಿ ಇಲ್ಲವೇ, ಹಾಗಾದರೆ ಕ್ಷಮಿಸಿ ಎಂದು ಉತ್ತರ ಬರೆದವು. ಗಂಡಿನ ಕಡೆಯವರು ಡಿಗ್ರಿ ಇಲ್ವಾ ಎಂದು ಕೇಳಿ, ಕ್ಷಮಿಸಿ ಎನ್ನದೆ ಕೇಸರಿಬಾತು ತಿಂದು ಹೋದರು.

ಒಬ್ಬ ಗಂಡಿನ ತಾಯಿ ಮಾತ್ರ ಸ್ವಲ್ಪ ಆಸೆ ತೋರಿಸಿದರು. "ಅಡುಗೆ ಬರುತ್ತೇನಮ್ಮಾ?" ಎಂದರು. ನಾನು ಕತ್ತನ್ನು ಎರಡೂ ಕಡೆ ವಾಲಿಸಿ ತಲೆ ಆಡಿಸಿದೆ. ನಮ್ಮೂರಿನಲ್ಲಿ ಹೂಂ ಎನ್ನಲು ಬಾಯಿ ಯಾಕೆ ಬೇಕು? "ಊರು ಬಿಟ್ಟು ಹೋಗೋ ಯೋಚನೆ ಏನಾದ್ರೂ ಇದ್ಯಾ?" ಎಂದರು. ಅದಕ್ಕೂ ಹಾಗೇ ಆಡಿಸಿದೆ. ಅವರು ಎದ್ದು ಹೋದ ಮೇಲೆ ಅಮ್ಮ ಹಣೆ ಚಚ್ಚಿಕೊಂಡಳು.

"ಊರಿಗೆಲ್ಲ ಮಾತು ಕಲಿಸ್ತೀಯ. ನೀನು ಬಾಯಿಬಿಟ್ಟು ಮಾತಾಡೋದು ಯಾವಾಗಲೇ?"

ದೊಡ್ಡ ಮಿಸ್ಸು

ಕೊನೆಗೂ ಥಾಯ್ಲೆಂಡಿನ ಒಂದು ಸಣ್ಣ ಊರಿನ ಶಾಲೆಯಿಂದ ಉತ್ತರ ಬಂತು. ಡಿಗ್ರಿ ಆಮೇಲೆ ನೋಡೋಣ, ಮೊದಲು ಪಾಠ ಮಾಡುವುದನ್ನು ಕ್ಯಾಮೆರಾದಲ್ಲಿ ತೋರಿಸಿ ಎಂದು ಅಲ್ಲಿನ ಹೆಡ್‌ಮಿಸ್ ಬರೆದಿದ್ದರು. ನಮ್ಮ ಬೀದಿಯ ಮಕ್ಕಳನ್ನೆಲ್ಲ ಚಾಕೊಲೇಟ್ ಆಸೆ ತೋರಿಸಿ ಆಟೋದಲ್ಲಿ ತುಂಬಿಕೊಂಡು ಸೈಬರ್ ಕೆಫೆಗೆ ಹೋದೆ. ಹಾಡು, ಆಟ, ಎಲ್ಲ ಅಭ್ಯಾಸ ಮಾಡಿಸಿದ್ದೆ.

ಸ್ಕ್ರೀನಿನ ಮೇಲೆ ಹೆಡ್‌ಮಿಸ್ ಮುಖ ಮೂಡಿತು. ಮಕ್ಕಳೆಲ್ಲ ಧಡಕ್ಕನೆ ಎದ್ದು ನಿಂತು "ಗುಡ್ಡ್ ಮಾರ್ನಿಂಗ್ ಮಿಸ್ಸ್" ಎಂದು ರಾಗ ಎಳೆದರು. ಸಂಜೆ ಐದು ಗಂಟೆ. ಇರಲಿ, ಕೂತ್ಕೊಳ್ಳಿ ಎಂದೆ. ಒಬ್ಬರೂ ಕೂರಲಿಲ್ಲ.

"ದೊಡ್ಡ ಮಿಸ್ಸು ಸಿಟ್ ಡೌನ್ ಅಂದಿಲ್ಲ ಅಕ್ಕ," ಎಂದಳು ಪಕ್ಕದ ಮನೆಯವಳು, ತುಟಿ ಅಲ್ಲಾಡಿಸದೆ.

ಪಾಪ, ಆ ದೊಡ್ಡ ಮಿಸ್ಸಿಗೆ ಇದು ಏನು ಗೊತ್ತು? ಕೈಕಟ್ಟಿ ನಿಂತ ಮಕ್ಕಳೆದುರು ನಾನೊಬ್ಬಳೇ ಹಾಡಿದೆ, ನಾನೊಬ್ಬಳೇ ಕಪ್ಪೆಯ ಹಾಗೆ ಕುಪ್ಪಳಿಸಿದೆ. ಮುಗಿಯಿತು ನನ್ನ ಥಾಯ್ಲೆಂಡು ಅಂದುಕೊಂಡೆ. ಮರುದಿನ ಇ-ಮೇಲ್ ಬಂತು: "ಇಂಥ ಶಿಸ್ತನ್ನು ನಾನು ಎಲ್ಲೂ ಕಂಡಿಲ್ಲ. ತಕ್ಷಣ ಹೊರಟು ಬನ್ನಿ. ಒಂದು ಟರ್ಮ್ ನೋಡೋಣ. ಡಿಗ್ರಿ ಇಲ್ಲದ್ದರಿಂದ, ನಿಮ್ಮನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಮಕ್ಕಳನ್ನೇ ಕೇಳುತ್ತೇನೆ."

ಮಕ್ಕಳನ್ನು ಕೇಳಿದ್ದು

ಹೋದೆ. ಮೊದಲ ವಾರ ಒಂದು ವಿಚಿತ್ರ ನಡೆಯಿತು. ಸರಿ ಉತ್ತರ ಹೇಳಿದ ಮಕ್ಕಳೂ ನನ್ನ ಮುಖ ನೋಡಿ ಉತ್ತರ ಬದಲಾಯಿಸುತ್ತಿದ್ದರು. ನಾನು ಭೇಷ್ ಎಂದು ತಲೆ ಆಡಿಸುವುದು ಅಲ್ಲಿನವರಿಗೆ 'ಅಲ್ಲ' ಎಂದ ಹಾಗೆ ಕಾಣುತ್ತದೆ ಎಂದು ಹೊಳೆಯಲು ಸಮಯ ಹಿಡಿಯಿತು. ಬಿಡೋಣವೆಂದರೆ ಹುಟ್ಟಿನಿಂದ ಬಂದ ಕತ್ತು, ಕೇಳುತ್ತದೆಯೇ? ಕೊನೆಗೆ ಮಕ್ಕಳೇ ಅರ್ಥ ಮಾಡಿಕೊಂಡರು.

ಆ ಊರು ನನಗೆ ಬಹಳ ಹಿಡಿಸಿಬಿಟ್ಟಿತು. ಜೀವನದಲ್ಲಿ ಮೊದಲ ಸಲ ಎಲ್ಲಿಗೂ ಹೋಗುವುದು ಬೇಡ ಅನ್ನಿಸಿತ್ತು. ಟರ್ಮ್ ಮುಗಿಯಿತು. ಹೆಡ್‌ಮಿಸ್ ನನ್ನನ್ನು ಹೊರಗೆ ನಿಲ್ಲಿಸಿ ಮಕ್ಕಳನ್ನು ಕೇಳಲು ಒಳಗೆ ಹೋದರು. ಹೊರಗೆ ಬಂದಾಗ ಅವರ ಮುಖ ಬಾಡಿತ್ತು.

"ಕ್ಷಮಿಸಿ. ಒಂದು ಮಗುವಿಗೂ ನೀವು ಬೇಡವಂತೆ."

ನನಗೆ ಅಳು ಒತ್ತರಿಸಿ ಬಂತು. ಹೇಗೂ ಹೊರಡಬೇಕಲ್ಲ, ಒಂದು ಮಾತು ಕೇಳಿಯೇ ಹೋಗೋಣ ಎಂದು ಕ್ಲಾಸಿಗೆ ಹೋದೆ. "ನಾನು ನಿಮಗೆ ಬೇಕಾ? ಇಲ್ಲೇ ಇರಲಾ?" ಎಂದೆ. ಇಡೀ ಕ್ಲಾಸು ನಗುನಗುತ್ತಾ ಕತ್ತನ್ನು ಎರಡೂ ಕಡೆ ವಾಲಿಸಿ ತಲೆ ಆಡಿಸಿತು, ಜಯನಗರ ಕಾಂಪ್ಲೆಕ್ಸಿನಲ್ಲಿ ಹೂವು ಮಾರುವವರ ಹಾಗೆ.

ಹೆಡ್‌ಮಿಸ್ ರೂಮಿಗೆ ಓಡಿದೆ. ಅದು ನಮ್ಮೂರಿನ ಹೂಂ, ನನ್ನಿಂದಲೇ ಕಲಿತದ್ದು ಎಂದು ಏದುಸಿರಿನಲ್ಲಿ ವಿವರಿಸಿದೆ. ಅವರು ಕುರ್ಚಿ ತೋರಿಸಿದರು.

"ಸರಿ, ಮಕ್ಕಳಿಗೆ ನೀವು ಬೇಕು. ನಿಮಗೆ ಇಲ್ಲಿ ಇರಲು ಇಷ್ಟವೇ?"

ನನಗೆ ಖುಷಿಯೋ ಖುಷಿ. ಜೋರಾಗಿ ತಲೆ ಆಡಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಇಂಗ್ಲಿಷ್ ಟೀಚರ್. ದಯವಿಟ್ಟು ಬಾಯಿಬಿಟ್ಟು ಎಸ್ ಅನ್ನಿ."