ಲೆಕ್ಕಕ್ಕೆ ಅಂಜಿದವರು

ಲೆಕ್ಕದ ಪುಸ್ತಕ ತೆರೆದಲ್ಲೆಲ್ಲ ಒಬ್ಬರಾದರೂ ಹೆದರುತ್ತಾರೆ. ಹೆದರಿದವರ ಎಡವಟ್ಟುಗಳನ್ನು ನಾನು ನೋಡುತ್ತಲೇ ಬಂದಿದ್ದೇನೆ. ಗಣಿತ ಕಲಿಯಲು ಎಲ್ಲ ಮಕ್ಕಳಿಗೂ ಸಮನಾದ ಅವಕಾಶ ಸಿಗುತ್ತಿದೆಯೇ ಎಂದು ತರಗತಿಯಲ್ಲಿ ಕೂತು ಗಮನಿಸುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಓದಿದವಳು, ಇಸ್ತ್ರಿ ಮಾಡದ ಸೀರೆ ಉಡುವುದಿಲ್ಲ, ತಡವಾಗಿ ಬರುವುದಿಲ್ಲ. ಜಮಖಂಡಿಯಿಂದ ನಾನು ಹೊರಟ ಸುದ್ದಿ ನನ್ನ ಬಸ್ಸಿಗಿಂತ ಮೊದಲೇ ಊರು ಮುಟ್ಟಿರುತ್ತದೆ. ಬೀಳಗಿ ಕಡೆಯ ಒಂದು ಶಾಲೆಯಲ್ಲಿ ಕಳೆದ ವಾರವೊಂದನ್ನೇ ಹೇಳುತ್ತೇನೆ.

ನೀರು ಕುಡಿಯಲು ಹೋದದ್ದು

ಐದನೇ ತರಗತಿಯಲ್ಲಿ ಒಂಬತ್ತೇ ಮಕ್ಕಳು. ಏನು ಕೇಳಿದರೂ ಒಂಬತ್ತು ಜನವೂ ಕೈ ಎತ್ತಿದರು. ಬೆವರುತ್ತಿದ್ದವರು ಮಾಸ್ತರರು.

"ಉಳಿದವರು?"

"ಎಲ್ಲಾರಿಗೂ ಜ್ವರ ರೀ."

ನೀರಿಗೆಂದು ಬಿಸಿಯೂಟದ ಅಡುಗೆಕೋಣೆಯ ಬಾಗಿಲು ತೆಗೆದೆ. ಹನ್ನೊಂದು ಮಕ್ಕಳು ಉಸಿರು ಬಿಗಿಹಿಡಿದು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಬ್ಬ ಹುಡುಗಿ ಎದ್ದು ಕೈಕಟ್ಟಿ ನಿಂತಳು.

"ನಾವು ಇವತ್ತ ಸಾಲಿಗೆ ಬಂದಿಲ್ರಿ ಅಕ್ಕೋರ."

ಮೂರು ಕುರಿ

ಆ ಹುಡುಗಿ ಕುರಿಗಾರರ ಮನೆಯವಳು. "ದಡ್ಡಿ ಅದಾಳ್ರಿ" ಎಂದು ಮಾಸ್ತರರು ಅವಳ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿದ್ದರು. ಪಟ್ಟಿಯಲ್ಲಿದ್ದವರು ಲೆಕ್ಕದ ಪಾಠಕ್ಕೆ ಮೂರನೇ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂಡಬೇಕು. ಶನಿವಾರ ನಾನು ಹೂಂ ಅಂದರೆ ಅವಳ ಕತೆ ಮುಗಿದಂತೆ. ಆ ಅಂಜಿಕೆಗೆ ಅವಳು ನನ್ನ ಮುಂದೆ ಬಾಯಿಯೇ ಬಿಡುತ್ತಿರಲಿಲ್ಲ.

ಧೈರ್ಯ ಬರಲೆಂದು ಅವಳಿಗೆ ಗೊತ್ತಿದ್ದುದನ್ನೇ ಕೇಳಿದೆ. "ನಿಮ್ಮ ಮನೆಯಲ್ಲಿ ಹನ್ನೆರಡು ಕುರಿ. ಮೂರು ಸತ್ತವು. ಎಷ್ಟು ಉಳಿದವು?"

ಹುಡುಗಿಯ ಮುಖ ಬಿಳಿಚಿತು. "ಯಾವ ಮೂರು ರೀ?" ಎಂದವಳೇ ಮನೆಗೆ ಓಡಿದಳು.

ಮರುದಿನ ಬೆಳಿಗ್ಗೆ ಅವಳ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಾನು ಕಂಬದ ಹಿಂದೆ ಸರಿದದ್ದು ನಿಜ.

"ಎಂಥಾ ಬಾಯಿ ಬೇ ನಿಂದು! ಬೀರಪ್ಪ ದೇವರ ಹೆಸರ್ಲೆ ಸಾಕಿದ ಕುರಿ ಅವು!"

ತಪ್ಪಾಯಿತು, ಇನ್ನು ಮೇಲೆ ಕುರಿ ಬಿಟ್ಟು ಮಾವಿನಹಣ್ಣು ಕೇಳುತ್ತೇನೆ, ಕೊಳೆತರೂ ಯಾರಿಗೂ ನೋವಿಲ್ಲ ಎಂದೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡಳು.

"ಯಾರ ಗಿಡದ್ದಂತ ಮಾತ್ರ ಹೇಳಬ್ಯಾಡ. ಅವರೂ ಬಂದಾರು."

ಶನಿವಾರ

ಮಾಸ್ತರರ ಕೈಯಲ್ಲಿ ಪಟ್ಟಿ ಸಿದ್ಧವಿತ್ತು. ಎಲ್ಲರೆದುರು ಹುಡುಗಿಯನ್ನು ನಿಲ್ಲಿಸಿದೆ.

"ಒಂದು ಹೊರೆಯಲ್ಲಿ ಹದಿನಾಲ್ಕು ಕಬ್ಬು. ಎಂಟು ಹೊರೆಯಲ್ಲಿ?"

ಅವಳು ನೆಲ ನೋಡಿದಳು. ತುಟಿ ಅಲ್ಲಾಡಿತು. "ನೂರಾ ಹನ್ನೆರಡ್ರಿ."

ನಾನು ಮೊದಲೇ ಗುಣಿಸಿ ಪುಸ್ತಕದಲ್ಲಿ ಬರೆದುಕೊಂಡ ಉತ್ತರ ಬೇರೆ ಇತ್ತು. "ತಪ್ಪು. ನೂರಾ ಎರಡು."

ಹುಡುಗಿಯ ಕಣ್ಣು ತುಂಬಿತು. ಮಾಸ್ತರರು ಹಲಗೆಯ ಮೇಲೆ ಗುಣಿಸಿದರು, ಗಾಬರಿಯಿಂದ ಒರೆಸಿದರು. ಮತ್ತೆ ಗುಣಿಸಿದರು, ಮತ್ತೆ ಒರೆಸಿದರು.

"ಏನಾಯಿತು?" ಎಂದೆ.

"ತಮ್ಮದೂ ಬರೋಬ್ಬರಿ ಐತ್ರಿ ಮೇಡಂ. ಆಕಿದೂ... ಜರಾ ಬರೋಬ್ಬರಿ ಐತ್ರಿ."

ನಾನೇ ಹಲಗೆಗೆ ಹೋದೆ. ಎಂಟು ನಾಲ್ಕಲಿ ಮೂವತ್ತೆರಡು. ದಶಕ ಮೂರು ಸೇರಿಸಬೇಕಾದಲ್ಲಿ ಎರಡು ಸೇರಿಸಿದ್ದೆ. ಕಿವಿ ಬಿಸಿಯಾಯಿತು. ಕಾನ್ವೆಂಟಿನ ಸಿಸ್ಟರ್ ಅಡಿಪಟ್ಟಿ ಹಿಡಿದು ಹಿಂದೆಯೇ ನಿಂತಂತೆ ಬೆರಳಗೆಣ್ಣು ಚುರ್ರೆಂದಿತು.

"ತಪ್ಪು ನನ್ನದು," ಎಂದು ಪಟ್ಟಿ ಇಸಿದುಕೊಂಡು ಅವಳ ಹೆಸರು ಹೊಡೆದುಹಾಕಿದೆ. ಗೆರೆ ಸೊಟ್ಟಗೆ ಬಂತು.

ಆ ಜಾಗದಲ್ಲಿ ನನ್ನ ಹೆಸರು ಬರೆಯುತ್ತಿದ್ದೇನೆ ಎಂದುಕೊಂಡಳೋ ಏನೋ, ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅಂಜಬ್ಯಾಡ್ರಿ ಅಕ್ಕೋರ. ಮೂರನೇ ಕ್ಲಾಸಿನ್ಯಾಗ ನಿಧಾನ ಹೇಳಿಕೊಡ್ತಾರಂತ."