ಮೊಮ್ಮಗಳ ಡಿಸ್ಕುಗಳಿಗೆ ನಾನು ಮಾಡಿದ ಆಯುಧಪೂಜೆ

ಆಯುಧಪೂಜೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಓದಿದ್ದು ನಾಲ್ಕನೇ ಕ್ಲಾಸಾದರೂ, ಪಂಪ್‌ಸೆಟ್ಟು, ಸೈಕಲ್ಲು, ರಾಗಿ ಮಿಷನ್ನು ಎಲ್ಲವನ್ನೂ ಬಿಚ್ಚಿ, ಒರೆಸಿ, ವಿಭೂತಿ ಬಳಿದು ಮತ್ತೆ ಜೋಡಿಸಿದ ಕೈ ಇದು. ಬಿಚ್ಚದೆ ಮಾಡಿದ ಪೂಜೆ ಪೂಜೆಯೇ ಅಲ್ಲ ಎಂಬುದು ನನ್ನ ಸಿದ್ಧಾಂತ!

ಹೀಗಿರುವಾಗ ನನ್ನ ಮೊಮ್ಮಗಳು ಶಿಲ್ಪ ಗೌರಿಬಿದನೂರಿನಲ್ಲಿ ಫೋಟೋ ಸ್ಟುಡಿಯೋ ತೆರೆದಳು. ರೀಲೂ ಇಲ್ಲ, ಗೀಲೂ ಇಲ್ಲ, ಮದುವೆ ಫೋಟೋಗಳೆಲ್ಲ ಕಂಪ್ಯೂಟರಿನಲ್ಲೇ. ಆ ಪೆಟ್ಟಿಗೆಯನ್ನು, ಅದರೊಳಗಿನ ಮೂರು ಡಿಸ್ಕುಗಳನ್ನು ಅವಳೇ ಜೋಡಿಸಿದ್ದು! ನಮ್ಮ ವಂಶದಲ್ಲಿ ಟಾರ್ಚಿಗೆ ಶೆಲ್ಲನ್ನು ಸರಿಯಾಗಿ ಹಾಕಿದವರೇ ಕಡಿಮೆ.

ಹಬ್ಬದ ಬೆಳಿಗ್ಗೆ ಶಿಲ್ಪ ಹೂವು ತರಲು ಹೊರಟಳು. "ತಾತ, ಅಂಗಡಿ ನೋಡ್ಕೊಂಡಿರು. ಸಂಜೆ ತೊಂಡೇಬಾವಿಯೋರು ಮದುವೆ ಫೋಟೋ ನೋಡೋಕೆ ಬರ್ತಾರೆ."

ನೋಡಿಕೊಂಡೆ. ಚೆನ್ನಾಗಿಯೇ ನೋಡಿಕೊಂಡೆ!

ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ಪ್ಲಗ್ ಕಿತ್ತೆ. ಪೆಟ್ಟಿಗೆ ಬಿಚ್ಚಿದೆ.

"ರೀ, ಅದ್ಯಾಕೆ ಬಿಚ್ತಿದ್ದೀರ?" ಎಂದಳು ಮಾವಿನ ಎಲೆ ಪೋಣಿಸುತ್ತಿದ್ದ ನನ್ನ ಹೆಂಡತಿ ಪಾರ್ವತಿ.

"ಸುಮ್ನಿರೇ, ಇದು ಪಂಪ್‌ಸೆಟ್ಟಿನ ತಂಗಿ ಕಣೇ!"

ಮೂರೂ ಡಿಸ್ಕುಗಳನ್ನು ಹೊರಗೆಳೆದು, ಒರೆಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಧಾರಾಳವಾಗಿ ಬಳಿದೆ. ಮಾನಿಟರಿಗೆ ಕುಂಕುಮ ಇಟ್ಟೆ. ಎಲ್ಲವನ್ನೂ ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿ ಸ್ವಿಚ್ ಹಾಕಿದೆ.

ಕಪ್ಪು ಪರದೆ. ಬಿಳಿ ಅಕ್ಷರ. ಫೋಟೋ ಇಲ್ಲ!

ಆರಿಸಿ ಹಾಕಿದೆ. ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದೆ. ಊಹೂಂ.

"ಫೋಟೋ ಹೋದ್ರೆ ಆ ತೊಂಡೇಬಾವಿ ಹುಡುಗೀಗೆ ಇನ್ನೊಂದ್ಸಲ ತಾಳಿ ಕಟ್ಟಿಸ್ತೀರಾ?" ಎಂದಳು ಪಾರ್ವತಿ.

ಪಕ್ಕದ ಕ್ಯಾಸೆಟ್ ಅಂಗಡಿಯ ನಾಗರಾಜ ಇಣುಕಿದ. "ಏಮೈಂದಿ ತಾತಾ, ಏನಾಯ್ತು? ಓ, ಇದಾ! ಸಿ.ಡಿ. ಹಾಕಿ ಎಲ್ಲಾ ಹೊಸದಾಗಿ ತುಂಬ್ಬಿಡೋಣ." ಸಿ.ಡಿ. ತಂದು ಹಾಕಿದ. ಪರದೆ ಏನೋ ಕೇಳಿತು. "ಎಲ್ಲಾ ಅಳಿಸ್ಲಾ ಅಂತಿದೆ. ಹೂಂ ಅನ್ನೋಕೆ ವೈ ಒತ್ತಿ ಸಾಕು."

ನನ್ನ ಬೆರಳು ಇನ್ನೇನು ಇಳಿಯಬೇಕು.

"ತಾತಾ! ಕೈ ತೆಗಿ!"

ಬಾಗಿಲಲ್ಲಿ ಶಿಲ್ಪ. ಹೂವಿನ ಬುಟ್ಟಿ ನೆಲಕ್ಕೆ, ನಾಗರಾಜ ಅವನ ಅಂಗಡಿಗೆ!

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸಿ.ಡಿ. ತೆಗೆದು, ಕುರ್ಚಿ ಎಳೆದುಕೊಂಡು, ಟಕಟಕ ಒತ್ತಿ ಓದಿದಳು. "ಮೂರರಲ್ಲಿ ಎರಡೇ ಬಂದವೆ ತಾತ. ಫೋಟೋನೆಲ್ಲ ಚೂರು ಮಾಡಿ ಮೂರಕ್ಕೂ ಹಂಚಿಟ್ಟಿರ್ತೀನಿ. ಒಂದು ಕೆಟ್ರೂ ಮಿಕ್ಕೆರಡು ನಡೆಸ್ಕೊಂಡು ಹೋಗ್ತವೆ. ಆದ್ರೆ ಅವು ಬರ್ಕೊಳ್ತಿದ್ದಾಗ್ಲೇ ನೀನು ಕರೆಂಟ್ ಕಿತ್ತಿದ್ದೀಯ, ಮೂರರ ಲೆಕ್ಕಾನೂ ಅರ್ಧಕ್ಕೆ ನಿಂತೈತೆ. ಮೂರನೇದು ಬರೋವರ್ಗೂ ಶುರು ಮಾಡಲ್ಲ ಅಂತವೆ."

"ಆಸ್ತಿ ಭಾಗದ ದಿನ ತಮ್ಮ ಬರೋವರ್ಗೂ ಅಣ್ಣಂದಿರು ಸಹಿ ಹಾಕಲ್ಲ ಅಂದಂಗೆ!"

"ಹಂಗೇ ಕಣ್ ತಾತ. ಬಲವಂತ ಮಾಡಬೋದು, ಫೋಟೋ ಕೆಟ್ರೆ ಕಷ್ಟ. ಮೊದ್ಲು ತಮ್ಮ ಎಲ್ಲವ್ನೆ ನೋಡಣ."

ಕರೆಂಟ್ ಆರಿಸಿ ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದಳು. ಮೂರನೆಯದರ ವೈರು ಸಿಕ್ಕಿಸುವ ಜಾಗದ ತುಂಬ ನನ್ನ ಭಕ್ತಿ ಗಟ್ಟಿಯಾಗಿ ಕೂತಿತ್ತು! ಬ್ರಶ್ಶಿನಿಂದ ಸ್ವಲ್ಪಸ್ವಲ್ಪವೇ ಬಿಡಿಸಿದಳು, ಹೊಸ ವೈರು ಹಾಕಿದಳು. ಕಣ್ಣಿನ ಡಾಕ್ಟರಿಗೂ ಆ ನಯ ಇರಲಾರದು.

ಸ್ವಿಚ್. ಬಿಳಿ ಅಕ್ಷರಗಳು ಓಡಿದವು.

"ಮೂರೂ ಬಂದ್ವು ತಾತ!"

ಪರದೆಯ ಮೇಲೆ ತೊಂಡೇಬಾವಿಯ ಮದುವೆ ಮೂಡಿತು. ನಾನಿಟ್ಟ ಕುಂಕುಮ ಸರಿಯಾಗಿ ವರನ ಮೂಗಿನ ಮೇಲೆ! ಸಂಜೆ ಬಂದ ಮದುಮಗಳು ತನ್ನ ಧಾರೆಯ ಫೋಟೋ ನೋಡಿ ಕಣ್ಣೊರೆಸಿಕೊಂಡಳು. ನಾನು ಎದೆಯುಬ್ಬಿಸಿ, "ಚದುರಿಹೋಗಿದ್ದ ಡಿಸ್ಕುಗಳನ್ನ ಒಂದು ಮಾಡಿದ್ದು ನಮ್ಮ ಶಿಲ್ಪ ಕಣಮ್ಮ!" ಎಂದೆ.

"ಚದುರಿಸಿದ್ದು ಯಾರು ಅಂತಾನೂ ಹೇಳ್ರಿ," ಎಂದಳು ಪಾರ್ವತಿ.

ಮರುವರ್ಷ ಆಯುಧಪೂಜೆಗೆ ಶಿಲ್ಪ ನನ್ನನ್ನು ಮರ್ಯಾದೆಯಿಂದಲೇ ಕರೆದಳು. ಆದರೆ ಅಂಗಡಿಯ ಹೊರಗೆ ಕೂರಿಸಿ, ಕೈಗೆ ಪೊರಕೆ ಕೊಟ್ಟಳು. "ಇದಕ್ಕೆ ಪೂಜೆ ಮಾಡು ತಾತ. ಇದ್ರಲ್ಲಿ ಬಿಚ್ಚೋಕೆ ಏನೂ ಇಲ್ಲ."

ಇತ್ತು! ಕಟ್ಟಿದ ದಾರ ಸ್ವಲ್ಪ ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ಬಿಚ್ಚಿದೆ.

ಕಡ್ಡಿಗಳು ಇನ್ನೂ ಒಂದುಗೂಡಿಲ್ಲ.